ಮರಳು ಹೊಲಕ್ಕೆ ಉಳುಮೆ ಕಡಿಮೆ ಮಾಡಿದ ಕತೆ

ಸೊರಬದ ಕಡೆ, ವರದಾ ಹೊಳೆದಂಡೆಗೆ ನಮ್ಮದೊಂದು ಮೆಕ್ಕೆಜೋಳದ ಹೊಲ ಇದೆ. ಮೇಲಿನ ಗದ್ದೆ ಕೆಮ್ಮಣ್ಣಿನದು, ಇದು ಮಾತ್ರ ಮರಳು. ಹಿಡಿಯಲ್ಲಿ ಹಿಚುಕಿದರೂ ಉಂಡೆ ಕಟ್ಟುವುದಿಲ್ಲ. ರೋಹಿಣಿ ಮಳೆಗೆ ಎರಡು ಸಲ ಉಳುಮೆ, ಮೇಲೊಂದು ಸಲ ಮಣ್ಣು ಪುಡಿ ಮಾಡುವ ರೋಟಾವೇಟರ್. ಬಿತ್ತುವಾಗಲೇ ಯೂರಿಯಾ, ಮರುದಿನ ಕಳೆ ಔಷಧಿ ಅಟ್ರಾಜಿನ್. ಆದರೂ ಪೈರು ಮೊಣಕಾಲುದ್ದ ಬರುವಷ್ಟರಲ್ಲಿ ಕೆಳಗಿನ ಎಲೆ ತುದಿಯಿಂದ ಹಳದಿ. ಮತ್ತೆ ಯೂರಿಯಾ ಸುರಿಯೋದು!

ಹೊಲದ ಬುಡದಲ್ಲೇ ನಮ್ಮ ಬಾವಿ. ಯೂರಿಯಾ ಮಣ್ಣಿನಲ್ಲಿ ಕೊನೆಗೆ ನೈಟ್ರೇಟ್ ಆಗುತ್ತದೆ. ಅದನ್ನು ನೋಡುವ ಪಟ್ಟಿ ತಂದು ನೀರಿಗೆ ಅದ್ದಿದೆ; ಬಣ್ಣ ಕಡುವಾದಷ್ಟೂ ನೈಟ್ರೇಟ್ ಜಾಸ್ತಿ. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇಸಿಗೆಯಲ್ಲಿ ತಿಳಿ ಬಣ್ಣ ಬಂದಿತ್ತು, ಆರಿದ್ರ ಮಳೆ ಮುಗಿದ ಮೇಲೆ ಕಡು ಗುಲಾಬಿ. ಅಟ್ರಾಜಿನ್ ಈ ಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಉತ್ತಾಗ ಮಣ್ಣಿಗೆ ಗಾಳಿ ಹೊಕ್ಕು ಹಳೆ ಬೇರು, ಎಲೆ ಬೇಗ ಕೊಳೆತು ನೈಟ್ರೇಟ್ ಆಗುತ್ತದೆ. ಹೀರುವ ಪೈರು ಆಗಿನ್ನೂ ಹುಟ್ಟಿರುವುದಿಲ್ಲ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ಮಳೆ ನೀರಿನ ಜೊತೆ ಇಳಿದೇ ಹೋಗುತ್ತದೆ. ಅಟ್ರಾಜಿನ್ ಅಷ್ಟಿಷ್ಟು ಹಿಡಿದು ನಿಲ್ಲುವುದು ಕೊಳೆತ ಸೊಪ್ಪಿನಂಶಕ್ಕೆ. ಉತ್ತು ಉತ್ತು ಅದನ್ನೇ ಕರಗಿಸಿದ್ದೆವು.

ಹಾಗಾಗಿ ಅರ್ಧ ಹೊಲ ಉಳದೆ ಬಿಟ್ಟೆ. ಬಿತ್ತುವ ಸಾಲು ಮಾತ್ರ ಬಿಡಿಸಿ, ನಡುವೆ ಹಳೆ ದಂಟು, ದರಗು ಹರಡಿದೆ. ಯೂರಿಯಾ ಎರಡೂ ಕಡೆ ಒಂದೇ ಲೆಕ್ಕ: ಬಿತ್ತುವಾಗ ಸ್ವಲ್ಪ, ಮೊಣಕಾಲುದ್ದಕ್ಕೆ ಜಾಸ್ತಿ, ಸೂಲಂಗಿ, ಅಂದರೆ ತುದಿಯ ಹೂ, ಬರುವಾಗ ಉಳಿದದ್ದು. "ಏನು ಭಾವ, ಸೋಮಾರಿತನ ಅಲ್ವಾ ಇದು?" ಅಂದ ಪಕ್ಕದ ಹೊಲದವನು. ಎರಡೂ ಕಡೆ ಗುಂಡಿ ತೋಡಿ, ಎರಡಡಿ ಆಳದಲ್ಲಿ ಗೋಡೆ ಕೊರೆದು ಇಳಿದು ಬರುವ ನೀರು ಹಿಡಿಯಲು ಅಡ್ಡಲಾಗಿ ಟ್ರೇ ತೂರಿಸಿದೆ. ಮೇಲಿನ ಮಣ್ಣು ಅಲುಗಬಾರದಲ್ಲ. ಮರಳು ಎರಡು ಸಲ ಕುಸಿಯಿತು, ಮೂರನೇ ಸಲ ನಿಂತಿತು. ಉಳದ ಕಡೆಯ ನೀರಿಗೆ ಪಟ್ಟಿಯ ಬಣ್ಣ ತಿಳಿಯಾಗಿಯೇ ಇತ್ತು, ಉತ್ತ ಕಡೆ ಕಡು ಬಣ್ಣ.

ಮೊದಲ ವರ್ಷ ಕಳೆ ಮಾತ್ರ ವಿಪರೀತ. ಎರಡನೇ ವರ್ಷ ನಾನೇ ಎಡವಿದೆ. ಉಳದ ಕಡೆ ಬೆಳಿಗ್ಗೆ ಕಳೆ ಔಷಧಿ ಹೊಡೆದೆ, ಸಂಜೆ ಧೋ ಎಂದು ಮಳೆ. ಕಳೆ ಸಾಯಲೇ ಇಲ್ಲ. ಮರಳಿನಲ್ಲಿ ತೂತು ನಿಲ್ಲುವುದಿಲ್ಲ ಅಂದುಕೊಂಡಿದ್ದೆ, ಅಗೆದು ನೋಡಿದರೆ ಹಳೆ ಬೇರು ಕೊಳೆತ ದಾರಿಗಳು ನೆಟ್ಟಗೆ ಕೆಳಗಿಳಿದಿದ್ದವು. ಔಷಧಿಯೂ ಅದೇ ದಾರಿ ಹಿಡಿದಿರಬೇಕು. ಉಳುಮೆ ಆ ಬಾಯಿಗಳನ್ನು ಮುಚ್ಚುತ್ತದೆ, ಅದೂ ನಿಜ.

ಈಗ ಬಾವಿಯ ಸುತ್ತ ಔಷಧಿ ಪೂರ್ತಿ ಬಂದ್. ಉಳಿದೆಡೆ ಎರಡು ದಿನ ಮಳೆ ಇಲ್ಲವೆಂದರೆ ಮಾತ್ರ, ಸಾಲಿನ ಉದ್ದಕ್ಕೆ ಒಂದು ಪಟ್ಟೆ. ನಡುವೆ ಕಳೆ ಕೆರೆಯುವ ಎಡೆಕುಂಟೆ, ಎರಡಿಂಚಿಗಿಂತ ಆಳ ಇಲ್ಲ. ಮೇಲಿನ ಕೆಮ್ಮಣ್ಣಿನ ಗದ್ದೆಯನ್ನು ಮೊದಲಿನ ಹಾಗೇ ಉಳುತ್ತೇನೆ. ಅಲ್ಲಿನ ಲೆಕ್ಕವೇ ಬೇರೆ.