ಸೊಂಟದ ಫ್ಲಾಸ್ಕಿನಲ್ಲಿ ಸಂತ ಕ್ರಿಸ್ಟೋಫರ್

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಲೋಹದ ಮೇಲೆ ಕೆತ್ತನೆ ಕೆಲಸ ಮಾಡುತ್ತ ಆರು ವರ್ಷವಾಯಿತು. ಹಿಪ್ ಫ್ಲಾಸ್ಕ್, ಅಂದರೆ ಜೇಬಿನಲ್ಲಿಡುವ ಹೆಂಡದ ಚಪ್ಪಟೆ ಪಾತ್ರೆಯ ಮೇಲೆ ಹೆಸರು, ಮದುವೆಯ ತಾರೀಖು ಕೆತ್ತಿದ್ದಕ್ಕೆ ಲೆಕ್ಕವಿಲ್ಲ. ಸಂತರನ್ನು ಕೆತ್ತಿದ್ದು ಒಮ್ಮೆ ಮಾತ್ರ.

ಲಾರಿ ಓಡಿಸುವ ಗಂಡನಿಗೆಂದು ಒಬ್ಬರು ಪ್ಯೂಟರ್ ಎಂಬ ತವರದ ಮಿಶ್ರಲೋಹದ ಫ್ಲಾಸ್ಕ್ ತಂದರು. ‘ಸಂತ ಕ್ರಿಸ್ಟೋಫರ್ ಬೇಕು. ಒಳಬಾಗಿದ ಬದಿಗೆ, ಅವರ ಮೈಗೆ ತಾಗುವ ಹಾಗೆ.’ ಚಾಲಕರನ್ನು ಕಾಯುವ ಸಂತ ಹೆಂಡದ ಪಾತ್ರೆಯ ಮೇಲೆ! ನಗು ನುಂಗಿಕೊಂಡೆ.

ಹೊರಬದಿಗೇ ಕೆತ್ತೋಣ ಎಂದೆ. ಬಾಲ ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಕ್ರಿಸ್ಟೋಫರನ ಚಿತ್ರ ಕಂಡವರಿಗೆ ಆ ದಿನ ದುರ್ಮರಣವಿಲ್ಲ ಎಂಬುದು ಮಧ್ಯಯುಗದ ನಂಬಿಕೆ. ಅದಕ್ಕೇ ಇಂಗ್ಲೆಂಡಿನ ಹಳೇ ಚರ್ಚುಗಳಲ್ಲಿ ಬಾಗಿಲಿನ ಎದುರು ಗೋಡೆಗೆ ಅವನನ್ನು ಭಾರೀ ಗಾತ್ರದಲ್ಲಿ ಬರೆಯುತ್ತಿದ್ದರು. ಕಣ್ಣಿಗೇ ಬೀಳದಿದ್ದರೆ ಏನು ಬಂತು? ಅವರು ಒಪ್ಪಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ತಕರಾರಿಗೆ ಕಾರಣ ಭಕ್ತಿಯಲ್ಲ, ಉಳಿ. ತಗ್ಗಿನೊಳಗೆ ಉಳಿಯ ಹೊಟ್ಟೆ ಅಂಚಿಗೆ ತಗಲಿ ಮೊನೆ ಲೋಹ ಮುಟ್ಟುವುದೇ ಇಲ್ಲ. ಒಂದು ಉಳಿಯ ಹಿಮ್ಮಡಿಯನ್ನು, ಅಂದರೆ ಮೊನೆಯ ಕೆಳಬದಿಯ ಇಳಿಜಾರನ್ನು, ಕಡಿದಾಗಿ ಸಾಣೆ ಹಿಡಿದೆ. ಟೊಳ್ಳು ಪಾತ್ರೆ ಒತ್ತಿದರೆ ಕುಗ್ಗುತ್ತದಲ್ಲ, ಮರಳು ತುಂಬಿದ ಚರ್ಮದ ಚೀಲದ ಮೇಲೆ ಕೂರಿಸಿ ಕೈ ಹಗುರ ಮಾಡಿಕೊಂಡೆ.

ಪ್ಯೂಟರಿನಲ್ಲಿ ನೂರಕ್ಕೆ 90ಕ್ಕೂ ಮೇಲೆ ತವರ, ಉಳಿದದ್ದು ಆಂಟಿಮನಿ, ತಾಮ್ರ. (ಹಳೆಯವುಗಳಲ್ಲಿ ಸೀಸವೂ ಇರುತ್ತಿತ್ತು, ಗುಜರಿಯಲ್ಲಿ ಸಿಕ್ಕಿದ್ದರಲ್ಲಿ ಕುಡಿಯಲು ಹೋಗಬೇಡಿ.) ಹಿತ್ತಾಳೆಗೆ ಒಗ್ಗಿದ ಕೈ ಈ ಮೆತ್ತನೆಯ ಲೋಹದಲ್ಲಿ ಓಡಿಬಿಡುತ್ತದೆ. ಸಂತನ ಊರುಗೋಲು ಎಳೆಯುವಾಗ ಉಳಿ ಜಾರಿ ಮಗುವಿನ ಪಾದದ ಮೇಲೆ ಹಾಯಿತು. ನುಣುಪು ಉಕ್ಕಿನ ಸಲಾಕೆಯಿಂದ ಉಜ್ಜಿ ಉಜ್ಜಿ ಮುಚ್ಚಿದೆ. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಗೀರು ನನಗೆ ಈಗಲೂ ಕಂಡೀತು.

ಖುಷಿ ಕೊಟ್ಟದ್ದು ಹೊಳೆ. 17ನೇ ಶತಮಾನದ ಇಂಗ್ಲಿಷ್ ಪ್ಯೂಟರ್ ತಟ್ಟೆಗಳ ಮೇಲೆ ಅಂಕುಡೊಂಕಿನ ಒಂದು ಗೆರೆ ಇರುತ್ತದೆ, ರಿಗಲ್‌ವರ್ಕ್ ಎನ್ನುತ್ತಾರೆ. ಚಪ್ಪಟೆ ಬಾಯಿಯ ಉಳಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ ಮುಂದೆ ತಳ್ಳಬೇಕು. ಆತುರಪಟ್ಟರೆ ಹಲ್ಲು ಅಗಲವಾಗಿ ಅಸಹ್ಯವಾಗುತ್ತದೆ. ಮೂರು ದಿನ ಹಳೇ ತಗಡಿನ ಮೇಲೆ ಕೈ ಪಳಗಿಸಿಕೊಂಡು, ಕ್ರಿಸ್ಟೋಫರನ ಮೊಣಕಾಲಿನವರೆಗೆ ಏಳು ಸಾಲು ನೀರು ಹರಿಸಿದೆ.

ಒಯ್ಯಲು ಬಂದಾಗ ಅವರು ಚಿತ್ರ ನೋಡುವ ಮೊದಲೇ ಹೆಬ್ಬೆರಳು ಆಡಿಸಿದರು. ಮುಖದ ಮೇಲೆ ಬೆರಳು ಸುಮ್ಮನೆ ಜಾರಿತು, ನೀರಿನಲ್ಲಿ ತರತರ ತಡೆಯಿತು. ‘ಇದು ಅವರಿಗೆ ಗೊತ್ತಾಗುತ್ತದೆ’ ಎಂದು ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡರು.