ಅಡುಗೆ ಮಾಡುವಾಗ ಯಾವ ಹಾಡು ಹಾಕ್ಬೇಕು: ಒಲೆ ಸದ್ದಿಗೂ ಜಾಗ ಬಿಡೋ ಪ್ಲೇಲಿಸ್ಟ್

ಅಡುಗೆಮನೆಗೆ ಹೋದ ತಕ್ಷಣ ಸ್ಪೀಕರ್ ಆನ್ ಮಾಡೋದು, ಆಮೇಲೆ ಕೈ ತೊಳೆಯೋದು, ಆಮೇಲೆ ಒಲೆ ಹಚ್ಚೋದು, ಎಷ್ಟೋ ವರ್ಷದಿಂದ ನಂದು ಇದೇ ಕ್ರಮ. ಅಡುಗೆ ಮಾಡುವಾಗ ನಿಮ್ಮ ಫೇವರಿಟ್ ಹಾಡು ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಒಂದೇ ಒಂದು ಹೆಸರು ಹೇಳೋಕೆ ನಂಗೆ ಬರಲ್ಲ, ಯಾಕಂದ್ರೆ ಈರುಳ್ಳಿ ಹೆಚ್ಚೋವಾಗ ಬೇಕಾದ ಹಾಡೇ ಬೇರೆ, ಬೇಳೆ ಬೇಯೋವಾಗ ಬೇಕಾದ್ದೇ ಬೇರೆ, ಪಾತ್ರೆ ತೊಳೆಯೋವಾಗ ಹಾಕೋದಂತೂ ಪೂರ್ತಿ ಬೇರೆ. ಹಾಡು ಆರಿಸ್ಕೊಳ್ಳೋಕೆ ನಾನು ನೋಡೋದು ಒಂದೇ ವಿಷ್ಯ. ಒಲೆ ಮೇಲೆ ಇಟ್ಟಿರೋದೂ ಸದ್ದು ಮಾಡ್ತಾ ಇರುತ್ತೆ, ಆ ಸದ್ದು ಕಿವಿಗೆ ಬೀಳೋಕೆ ಬಿಡೋ ಹಾಡು ಇರ್ಬೇಕು. ಇಷ್ಟ ಅನ್ನೋದು ಅದಾದ್ಮೇಲೆ.

ಇದು ನಂಗೆ ಅರ್ಥ ಆಗಿದ್ದು ಒಂದು ಸಲ ಬಾಣಲೆ ಪೂರ್ತಿ ಈರುಳ್ಳಿ ಸೀದು ಹೋದಾಗ. ನಾಯ್ಸ್ ಕ್ಯಾನ್ಸಲೇಷನ್ ಇರೋ ಇಯರ್‌ಫೋನ್ ಹೊಸದಾಗಿ ತಗೊಂಡಿದ್ದೆ, ಹೊರಗಿನ ಸದ್ದು ಒಂಚೂರೂ ಕೇಳಲ್ಲ ಅಂತ ಖುಷಿಯಲ್ಲಿ ಹಾಕ್ಕೊಂಡು ಒಲೆಗೆ ಬೆನ್ನು ಮಾಡಿ ತರಕಾರಿ ಹೆಚ್ತಾ ನಿಂತಿದ್ದೆ, ವಾಸನೆ ಮೂಗಿಗೆ ಬರೋ ಹೊತ್ತಿಗೆ ತಳ ಕಪ್ಪಾಗಿತ್ತು. ಅವತ್ತಿಂದ ಒಲೆ ಉರೀತಿರೋವಾಗ ನಾನು ಎರಡೂ ಕಿವಿ ಮುಚ್ಚಿಲ್ಲ. ಮನೇಲಿ ಮಗು ಮಲಗಿದೆ, ಸ್ಪೀಕರ್ ಹಾಕೋ ಹಾಗಿಲ್ಲ ಅಂದ್ರೆ ಒಂದೇ ಕಿವಿಗೆ ಇಯರ್‌ಬಡ್ ಹಾಕಿ, ಇನ್ನೊಂದು ಕಿವಿ ಒಲೆಗೆ ಇರ್ಲಿ. ವೈರ್ ಇರೋ ಇಯರ್‌ಫೋನ್ ಅಂತೂ ಬೇಡವೇ ಬೇಡ, ಬಗ್ಗಿದಾಗ ವೈರ್ ಬಾಣಲೆ ಹಿಡಿಗೆ ಸಿಕ್ಕಾಕ್ಕೊಳ್ಳುತ್ತೆ.

ಈರುಳ್ಳಿ ಹುರಿಯೋ ಸದ್ದನ್ನ ಒಂದು ದಿನ ಹಾಡೇ ಇಲ್ದೆ ಸುಮ್ನೆ ನಿಂತು ಕೇಳಿ ನೋಡಿ. ಹಾಕಿದ ತಕ್ಷಣ ಚುಂಯ್ ಅಂತ ಜೋರಾಗಿ ಬರುತ್ತೆ, ಅದು ಈರುಳ್ಳಿಯಲ್ಲಿರೋ ನೀರು ಬಿಸಿ ಎಣ್ಣೆಗೆ ತಾಗಿ ಆವಿ ಆಗ್ತಿರೋ ಸದ್ದು. ಎರಡು ಮೂರು ನಿಮಿಷ ಆದ್ಮೇಲೆ ಅದು ಇಳಿದು ಸಳಸಳ ಅಂತ ಒಂದೇ ಸಮ ಆಗುತ್ತೆ, ಆಗ ಒಳಗಿನ ನೀರು ಇನ್ನೂ ಹೋಗ್ತಾ ಇದೆ ಅಂತ ಲೆಕ್ಕ. ಆಮೇಲೆ ಸದ್ದು ತೆಳ್ಳಗಾಗಿ ಮಧ್ಯ ಮಧ್ಯ ಚಿಟ್ ಚಿಟ್ ಅಂತ ಅಷ್ಟೇ ಉಳಿಯುತ್ತೆ ನೋಡಿ, ಅಲ್ಲಿಂದಲೇ ಬಣ್ಣ ಬರೋಕೆ ಶುರು, ಅಲ್ಲಿಂದ ಸೀಯೋದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ಈ ಮೂರನೇ ಸದ್ದು ತುಂಬಾ ಮೆತ್ತಗಿರುತ್ತೆ, ಡ್ರಮ್ಸ್ ಜೋರಾಗಿರೋ ಹಾಡು ಹಾಕಿದ್ರೆ ಅದು ಮುಳುಗೇ ಹೋಗುತ್ತೆ. ನೀರು ಕಾಯಿಸೋದ್ರಲ್ಲೂ ಇದೇ ಥರ, ಕುದಿ ಬರೋಕೆ ಮುಂಚೆ ಪಾತ್ರೆ ಸುಂಯ್ ಅಂತ ಜೋರು ಸದ್ದು ಮಾಡುತ್ತೆ, ತಳದಲ್ಲಿ ಹುಟ್ಟಿದ ಗುಳ್ಳೆಗಳು ಮೇಲಿನ ತಣ್ಣಗಿರೋ ನೀರಿಗೆ ಬಂದು ಒಡೀತಿರ್ತವೆ ಅದಕ್ಕೆ. ಪೂರ್ತಿ ಕುದಿ ಬಂದ್ಮೇಲೆ ಆ ಸದ್ದು ಇಳಿದು ಬರೀ ಕೊತಕೊತ ಉಳಿಯುತ್ತೆ. ಇದು ಕಿವಿಗೆ ಅಭ್ಯಾಸ ಆದ್ರೆ ಮುಚ್ಚಳ ತೆಗೆದು ತೆಗೆದು ನೋಡೋದೇ ಬೇಕಾಗಲ್ಲ.

ಹಾಗಾಗಿ ಪ್ಲೇಲಿಸ್ಟ್ ಮಾಡುವಾಗ ಖುಷಿ ಹಾಡು, ಬೇಜಾರಿನ ಹಾಡು ಅಂತ ವಿಂಗಡಿಸೋದಕ್ಕಿಂತ ಕೆಲಸದ ಪ್ರಕಾರ ಜೋಡಿಸ್ಕೊಳ್ಳಿ, ನಾನು ಮಾಡ್ಕೊಂಡಿರೋದು ನಾಲ್ಕು ಭಾಗ.

ಮೊದಲನೇದು ಹೆಚ್ಚೋ ಹೊತ್ತು. ಇಲ್ಲಿ ತಾಳ ಒಂದೇ ಸಮ ಇರೋ ಹಾಡು ಬೇಕು, ಕೈ ತಾನಾಗೇ ತಾಳಕ್ಕೆ ಕೂತ್ಕೊಳ್ಳುತ್ತೆ, ಬೀಸೋವಾಗ ಕುಟ್ಟೋವಾಗ ಜನ ಹಾಡ್ಕೊಂಡು ಕೆಲಸ ಮಾಡ್ತಿದ್ದಿದ್ದೂ ಇದಕ್ಕೇ ತಾನೇ. ಆದ್ರೆ ಕೈ ತಾಳ ಹಿಡಿಯುತ್ತೆ ಅನ್ನೋದೇ ಇಲ್ಲಿ ಅಪಾಯ ಕೂಡ, ಹಾಡು ಸ್ಪೀಡ್ ಆದ್ರೆ ಚಾಕುನೂ ಸ್ಪೀಡ್ ಆಗುತ್ತೆ. ನಂಗೆ ಸರಿ ಹೋಗೋದು ನಿಮಿಷಕ್ಕೆ 80ರಿಂದ 100 ಬೀಟ್ ಇರೋ ಹಾಡು, 130 ದಾಟಿದ ಹಾಡನ್ನ ಚಾಕು ಕೈಯಲ್ಲಿದ್ದಾಗ ಹಾಕಲ್ಲ. ಬೀಟ್ ಎಣಿಸೋದು ಕಷ್ಟ ಏನಲ್ಲ, ಹಾಡು ಹಾಕಿ 15 ಸೆಕೆಂಡ್ ಮೇಜು ತಟ್ಟಿ ಎಷ್ಟು ಸಲ ತಟ್ಟಿದ್ರಿ ಅಂತ ನೋಡಿ ನಾಲ್ಕರಿಂದ ಗುಣಿಸಿ ಅಷ್ಟೇ. ಮಧ್ಯದಲ್ಲಿ ಇದ್ದಕ್ಕಿದ್ದಂಗೆ ವೇಗ ಬದಲಾಗೋ ಹಾಡು, ಸೈಲೆಂಟಾಗಿದ್ದು ಢಂ ಅಂತ ಶುರುವಾಗೋ ಹಾಡು ಇಲ್ಲಿ ಬೇಡ, ಬೆಚ್ಚಿ ಬಿದ್ರೆ ಬೆರಳಿಗೇ ಬರುತ್ತೆ. ಹಿಟ್ಟು ನಾದೋದೂ ಈ ಭಾಗಕ್ಕೇ ಸೇರುತ್ತೆ. ಬ್ರೆಡ್ ಹಿಟ್ಟನ್ನ ಕೈಯಲ್ಲಿ ಸುಮಾರು 10 ನಿಮಿಷ ನಾದಬೇಕು, ಗಡಿಯಾರ ನೋಡ್ಕೊಂಡು ನಾದಿದ್ರೆ ಮುಗಿಯೋದೇ ಇಲ್ಲ ಅನ್ಸುತ್ತೆ, ಮೂರು ಹಾಡು ಹಾಕ್ಕೊಂಡು ಅಂಗೈ ಬುಡದಿಂದ ಒತ್ತಿ ಮಡಚಿ ಒತ್ತಿ ಮಡಚಿ ಮಾಡ್ತಾ ಹೋದ್ರೆ ಮೂರನೇ ಹಾಡಿನ ಕೊನೇ ಚರಣಕ್ಕೆ ಹಿಟ್ಟು ಕೈಗಂಟೋದು ಬಿಟ್ಟಿರುತ್ತೆ.

ಎರಡನೇದು ಹುರಿಯೋ ಕರಿಯೋ ಹೊತ್ತು, ಒಲೆ ಮುಂದೆಯೇ ನಿಲ್ಬೇಕಾದ ಹೊತ್ತು. ಇಲ್ಲಿ ವಾಲ್ಯೂಮ್ ಇಳಿಸಿ, ಹಾಡುಗಾರಿಕೆಗಿಂತ ಬರೀ ವಾದ್ಯ ಇರೋದು ಹಾಕಿ. ಕೊಳಲು, ವಯಲಿನ್, ವೀಣೆ, ಸಿತಾರ್, ಪಿಯಾನೋ, ಅಥವಾ ಮೂರ್ನಾಲ್ಕು ಜನರ ಪುಟ್ಟ ಜಾಝ್ ತಂಡದ್ದು, ಯಾವ್ದಾದ್ರೂ ಸರಿ, ಸ್ವರದ ಮಧ್ಯ ಮಧ್ಯ ಖಾಲಿ ಜಾಗ ಇರ್ಬೇಕು. ನಂಗೆ ಇಲ್ಲಿ ಅತಿ ಇಷ್ಟ ಅಂದ್ರೆ ಕೊಳಲಿನ ಆಲಾಪ. ತಾಳ ಇರಲ್ಲ, ಒಂದು ಸ್ವರ ಹಿಡಿದು ಬಿಡುತ್ತೆ, ಬಿಟ್ಟ ಜಾಗದಲ್ಲಿ ಬಾಣಲೆ ಸದ್ದು ಸ್ಪಷ್ಟ ಕೇಳುತ್ತೆ, ಎರಡೂ ಸೇರಿ ಒಂದೇ ಕಛೇರಿ ಥರ ಇರುತ್ತೆ, ನಿಜವಾಗ್ಲೂ ಕೇಳಿ ನೋಡಿ. ಮೊದಲ್ನೇ ಸಲ ಮಾಡ್ತಿರೋ ಅಡುಗೆ ಆದ್ರೆ, ಅಂದ್ರೆ ರೆಸಿಪಿ ಓದ್ಕೊಂಡು ಅಳತೆ ಮಾಡ್ಕೊಂಡು ಮಾಡ್ತಿದ್ರೆ, ಆಗಲೂ ಸಾಹಿತ್ಯ ಇಲ್ಲದ ಸಂಗೀತವೇ ಒಳ್ಳೇದು. ಕಣ್ಣು ಓದ್ತಿರೋ ಮಾತು, ಕಿವಿಗೆ ಬೀಳ್ತಿರೋ ಮಾತು ಎರಡೂ ತಲೇಲಿ ಒಂದಕ್ಕೊಂದು ಅಡ್ಡ ಬರ್ತವೆ, ಉಪ್ಪು ಎಷ್ಟು ಚಮಚ ಹಾಕ್ದೆ ಅನ್ನೋದೇ ಮರ್ತು ಹೋಗುತ್ತೆ. ಅರ್ಥ ಆಗದ ಭಾಷೆಯ ಹಾಡು ಹಾಕಿದ್ರೆ ಈ ತೊಂದ್ರೆ ನಂಗೆ ಕಮ್ಮಿ.

ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿ ಇಲ್ಲಿ ದೊಡ್ಡ ತಲೆನೋವು. ಸದ್ದನ್ನ ಅಳೆಯೋದು ಡೆಸಿಬಲ್ ಲೆಕ್ಕದಲ್ಲಿ, ಎದುರಿಗೆ ಕೂತು ಮಾತಾಡೋ ಸದ್ದು ಸುಮಾರು 60 ಡೆಸಿಬಲ್ ಇರುತ್ತೆ, ಫುಲ್ ಸ್ಪೀಡಲ್ಲಿರೋ ಚಿಮಣಿ ಎಷ್ಟೋ ಸಲ ಅದನ್ನೂ ಮೀರುತ್ತೆ. ಅದರ ಗುಂಯ್ ಅನ್ನೋ ಸದ್ದಲ್ಲಿ ಕೆಳಗಿನ ಸ್ವರಗಳು ಮೊದ್ಲು ಮುಳುಗ್ತವೆ, ಬೇಸ್ ಗಿಟಾರ್, ಮೃದಂಗದ ಎಡಗೈ ಇವೆಲ್ಲ ಮಾಯ, ಉಳಿಯೋದು ಮೇಲಿನ ಸ್ವರ. ಅದಕ್ಕೇ ಬೇಸ್ ನಂಬ್ಕೊಂಡಿರೋ ಹಾಡು ಚಿಮಣಿ ಕೆಳಗೆ ಸಪ್ಪೆ ಅನ್ಸೋದು, ಕೊಳಲು ವಯಲಿನ್ ಮಾತ್ರ ತೂರಿಕೊಂಡು ಬರೋದು. ಜನ ಏನು ಮಾಡ್ತಾರೆ ಅಂದ್ರೆ ಚಿಮಣಿ ಸದ್ದನ್ನೂ ಮೀರಿ ಕೇಳ್ಲಿ ಅಂತ ವಾಲ್ಯೂಮ್ ಏರಿಸ್ತಾರೆ, ಚಿಮಣಿ ಆಫ್ ಆದ್ಮೇಲೆ ಇಳಿಸೋದು ಮರೀತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡೋರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮೇಲೆ ಪ್ರತಿ 3 ಡೆಸಿಬಲ್ ಏರಿದ್ರೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ, ಹಾಗಾಗಿ ಏರಿಸೋ ಬದಲು ಸ್ಪೀಕರನ್ನೇ ಹತ್ರ ತನ್ನಿ. ಮಿಕ್ಸಿ ಹಾಕುವಾಗ ಹಾಡು ನಿಲ್ಲಿಸಿಬಿಡಿ, ಅದರ ಜೊತೆ ಪೈಪೋಟಿ ಮಾಡೋಕೆ ಹೋಗ್ಬೇಡಿ.

ಮೂರನೇದು ಬೇಯೋ ಹೊತ್ತು. ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿದ್ಮೇಲೆ ಅಡುಗೆಮನೆ ತಣ್ಣಗಾಗುತ್ತೆ, ಗುಳುಗುಳು ಅನ್ನೋದು ಬಿಟ್ರೆ ಏನೂ ಇರಲ್ಲ. ದಿನದಲ್ಲಿ ನಂಗೆ ಅತ್ಯಂತ ಪ್ರೀತಿಯ ಹೊತ್ತು ಇದು. ಉದ್ದದ್ದು, ನಿಧಾನದ್ದು, ಹೊಸದು, ಯಾವ್ದನ್ನ ಪೂರ್ತಿ ಗಮನ ಕೊಟ್ಟು ಕೇಳ್ಬೇಕು ಅಂತ ಎತ್ತಿಟ್ಟಿರ್ತೀವೋ ಅದನ್ನ ಈಗ ಹಾಕಿ. ಹಿಂದೂಸ್ತಾನಿ ಖಯಾಲ್ ಗಾಯನ ವಿಲಂಬಿತ್‌ನಲ್ಲಿ, ಅಂದ್ರೆ ನಿಧಾನ ಲಯದಲ್ಲಿ ಶುರುವಾಗಿ ದ್ರುತ್‌ಗೆ, ಅಂದ್ರೆ ವೇಗದ ಲಯಕ್ಕೆ ಬರೋ ಹೊತ್ತಿಗೆ ನೆನೆಸದ ಬೇಳೆ ಕೂಡ ಮೆತ್ತಗಾಗಿರುತ್ತೆ. ಆಲ್ಬಮ್ ಲೆಕ್ಕದಲ್ಲಿ ಕೇಳೋರಿಗೆ ಇನ್ನೊಂದು ಅನುಕೂಲ ಇದೆ, 1948ರಲ್ಲಿ ಬಂದ ಎಲ್‌ಪಿ, ಅಂದ್ರೆ ಜಾಸ್ತಿ ಹೊತ್ತು ಓಡೋ ಗ್ರಾಮಫೋನ್ ರೆಕಾರ್ಡಿನ ಒಂದು ಮಗ್ಗುಲಲ್ಲಿ ಸುಮಾರು 20 ನಿಮಿಷದ ಸಂಗೀತ ಹಿಡೀತಿತ್ತು, ಆ ಕಾಲದ ಆಲ್ಬಮ್‌ಗಳನ್ನ ಈಗ ಫೋನಲ್ಲಿ ಹಾಕಿದ್ರೂ ಅರ್ಧ ಮುಗಿದ್ರೆ ಸುಮಾರು 20 ನಿಮಿಷ ಆಯ್ತು ಅಂತ ಅರ್ಥ, ಆಲೂಗಡ್ಡೆ ಬೇಯೋಕೆ ಸರಿಯಾಗಿ ಅಷ್ಟೇ ಹೊತ್ತು. ಕುಕ್ಕರ್ ಇಟ್ಟಿದ್ರೆ ಮಾತ್ರ ಹಾಡು ಮೆಲ್ಲಗಿರ್ಲಿ, ವಿಷಲ್ ಎಣಿಸ್ಬೇಕಲ್ಲ.

ಹಾಡನ್ನ ಟೈಮರ್ ಮಾಡ್ಕೊಳ್ಳೋದು ನಾನು ದಿನಾ ಮಾಡೋ ಕೆಲಸ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ 10 ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ರೆಕಾರ್ಡಲ್ಲಿ ಒಂದು ಮಗ್ಗುಲಿಗೆ ಹಿಡೀತಿದ್ದಿದ್ದೇ ಸುಮಾರು 3 ನಿಮಿಷ, ಹಾಡುಗಳು ಆ ಅಳತೆಗೆ ಒಗ್ಗಿ ಹೋದ್ವು, ಇವತ್ತಿಗೂ ಬಹಳಷ್ಟು ಹಾಡು 3ರಿಂದ 5 ನಿಮಿಷದೊಳಗೇ ಇರ್ತವೆ. ಬಾಯಿಪಾಠ ಆಗಿರೋ ನಿಮ್ಮ ಹಾಡುಗಳ ಉದ್ದ ನೋಡಿ ಬರ್ಕೊಳ್ಳಿ. ನನ್ನ ಹತ್ರ 3 ನಿಮಿಷ 20 ಸೆಕೆಂಡಿನ ಒಂದು ಹಾಡಿದೆ, ಕುದೀತಿರೋ ನೀರಿಗೆ ಮೊಟ್ಟೆ ಬಿಟ್ಟು ಅದನ್ನ ಎರಡು ಸಲ ಕೇಳಿದ್ರೆ 6 ನಿಮಿಷ 40 ಸೆಕೆಂಡ್, ಬಿಳಿ ಗಟ್ಟಿಯಾಗಿ ಹಳದಿ ಇನ್ನೂ ಮೆತ್ತಗಿರೋ ಮೊಟ್ಟೆ ಸಿಗುತ್ತೆ, ಮೂರು ಸಲ ಕೇಳಿದ್ರೆ ಹಳದಿನೂ ಗಟ್ಟಿ. ಅನ್ನದ ಉರಿ ಆರಿಸಿದ್ಮೇಲೆ ಮುಚ್ಚಳ ತೆಗೀದೆ 10 ನಿಮಿಷ ಬಿಡೋಕೆ ಮೂರು ಹಾಡು. ಕೈ ತೊಳೆಯೋಕೆ ಬೇಕಾದ 20 ಸೆಕೆಂಡಿಗೆ ಒಂದು ಪಲ್ಲವಿ, ಆದ್ರೆ ನಿಮ್ಮ ಪಲ್ಲವಿ ಎಷ್ಟು ಹೊತ್ತು ಬರುತ್ತೆ ಅಂತ ಒಂದು ಸಲ ಅಳೆದು ನೋಡ್ಕೊಳ್ಳಿ, ಕೆಲವು ಎಂಟ್ಹತ್ತು ಸೆಕೆಂಡಿಗೇ ಮುಗಿದು ಹೋಗ್ತವೆ. ಇದೆಲ್ಲ ಗೊತ್ತಿರೋ ಹಾಡಲ್ಲೇ ಆಗೋದು, ಯಾಕಂದ್ರೆ ಎರಡನೇ ಚರಣ ಬಂತು ಅಂದ್ರೆ ಇನ್ನೆಷ್ಟು ಬಾಕಿ ಅಂತ ಯೋಚ್ನೆ ಮಾಡದೇ ಗೊತ್ತಾಗುತ್ತೆ. ಟೈಮರಿಗೆ ಇಟ್ಕೊಂಡಿರೋ ಹಾಡುಗಳಿಗೆ ಕ್ರಾಸ್‌ಫೇಡ್, ಅಂದ್ರೆ ಒಂದು ಹಾಡು ಮುಗಿಯೋ ಮುಂಚೆಯೇ ಮುಂದಿನದನ್ನ ಶುರು ಮಾಡೋ ಸೆಟ್ಟಿಂಗ್, ಆಫ್ ಮಾಡಿ, ಸ್ಪಾಟಿಫೈಯಲ್ಲಿ ಅದನ್ನ 12 ಸೆಕೆಂಡ್ ತನಕ ಇಡಬಹುದು, ಅಷ್ಟಿದ್ರೆ ಒಂದರ ಬಾಲ ಇನ್ನೊಂದರ ತಲೆ ಮೇಲೆ ಕೂತು ಲೆಕ್ಕ ತಪ್ಪುತ್ತೆ. ಶಫಲ್ ಕೂಡ ಆಫ್.

ಇನ್ನು ಸ್ಪೀಕರ್ ಎಲ್ಲಿಡೋದು ಅಂತ ಹೇಳ್ತೀನಿ. ಒಲೆಯಿಂದ ಕಮ್ಮಿ ಅಂದ್ರೂ ಒಂದು ಮೀಟರ್ ದೂರ, ಕಿವಿ ಮಟ್ಟಕ್ಕೆ ಹತ್ರ ಇರೋ ಶೆಲ್ಫಲ್ಲಿ, ಆವಿ ಬಡಿಯದ ಕಡೆ ಇಡಿ. ಬಟ್ಟೆ ಜಾಲರಿ ಇರೋ ಸ್ಪೀಕರಿಗೆ ಎಣ್ಣೆ ಜಿಡ್ಡು ಕೂತ್ರೆ ಸುಲಭಕ್ಕೆ ಹೋಗಲ್ಲ. ಡಬ್ಬದ ಮೇಲೆ ಐಪಿಎಕ್ಸ್4 ಅಂತಿದ್ರೆ ನೀರು ಸಿಡಿದ್ರೆ ಪರವಾಗಿಲ್ಲ ಅಂತ, ಐಪಿಎಕ್ಸ್7 ಅಂದ್ರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ ತಡಿಯುತ್ತೆ ಅಂತ, ಆದ್ರೆ ಎರಡೂ ನೀರಿಗೆ ಮಾತ್ರ, ಬಿಸಿ ಎಣ್ಣೆಗೆ ಅಲ್ಲ. ಸ್ಟೀಲ್ ತಟ್ಟೆ ಲೋಟ ಜೋಡಿಸಿರೋ ಶೆಲ್ಫಲ್ಲಿಟ್ರೆ ಬೇಸ್ ಬಂದಾಗೆಲ್ಲ ಅವೂ ಗಿರ್ ಅಂತ ಕಂಪಿಸ್ತವೆ, ಕೆಳಗೊಂದು ಮಡಚಿದ ಬಟ್ಟೆ ಹಾಕಿ ನಿಲ್ಲುತ್ತೆ. ಸ್ಪೀಕರೇ ಇಲ್ಲ ಅಂದ್ರೆ ಫೋನನ್ನ ಸ್ಪೀಕರ್ ಬದಿ ಕೆಳಗೆ ಬರೋ ಹಾಗೆ ಒಂದು ಪಿಂಗಾಣಿ ಬಟ್ಟಲಲ್ಲಿ ನಿಲ್ಲಿಸಿ, ಬಟ್ಟಲು ಸದ್ದನ್ನ ನಿಮ್ಮ ಕಡೆ ತಿರುಗಿಸಿ ಕೊಡುತ್ತೆ, ಸ್ಟೀಲ್ ಬಟ್ಟಲಾದ್ರೆ ಸ್ವಲ್ಪ ಕೀರಲು ಬರುತ್ತೆ.

ಮೈಕ್ರೋವೇವ್ ಆನ್ ಮಾಡಿದಾಗ ಬ್ಲೂಟೂತ್ ಹಾಡು ಕಟ್ ಕಟ್ ಆಗ್ತಿದ್ರೆ ಸ್ಪೀಕರ್ ಕೆಟ್ಟಿದೆ ಅನ್ಕೋಬೇಡಿ. ಮೈಕ್ರೋವೇವ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್‌ನಲ್ಲಿ, ಬ್ಲೂಟೂತೂ ಅದೇ 2.4ರ ಪಟ್ಟಿಯಲ್ಲೇ ಇದೆ, ಒಳಗಿಂದ ಒಂಚೂರು ಸೋರಿದ್ರೂ ಇದಕ್ಕೆ ಗದ್ದಲ ಆಗುತ್ತೆ. ಫೋನು ಸ್ಪೀಕರು ಎರಡನ್ನೂ ಹತ್ರ ಹತ್ರ ಒಂದೇ ಕಡೆ ಇಡಿ, ಮಧ್ಯದಲ್ಲಿ ಮೈಕ್ರೋವೇವ್ ಬರದ ಹಾಗೆ ನೋಡ್ಕೊಳ್ಳಿ, ಅಷ್ಟಕ್ಕೇ ಬಹಳಷ್ಟು ಸರಿ ಹೋಗುತ್ತೆ. ಇನ್ನು ಒದ್ದೆ ಕೈ, ಹಿಟ್ಟಿನ ಕೈಯಲ್ಲಿ ಟಚ್ ಸ್ಕ್ರೀನ್ ನೆಟ್ಟಗೆ ಕೆಲಸ ಮಾಡಲ್ಲ, ನೀರಿನ ಹನಿಯನ್ನೂ ಅದು ಬೆರಳು ಅಂತ ತಿಳ್ಕೊಳ್ಳುತ್ತೆ. ಫೋನನ್ನ ತೆಳ್ಳನೆ ಜಿಪ್ ಕವರೊಳಗೆ ಹಾಕಿಟ್ರೆ ಮೇಲಿಂದಲೇ ಒತ್ತಬಹುದು, ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಮಾತ್ರ ಹಾಡು ಬದಲಾಯ್ಸೋಕೆ ಹೋಗ್ಲೇಬೇಡಿ, ತೊಳೆದೇ ಮುಟ್ಟಿ.

ನಾಲ್ಕನೇದು ಪಾತ್ರೆ ತೊಳೆಯೋ ಹೊತ್ತು. ಸೀಯೋಕೆ ಏನೂ ಇಲ್ಲ, ಚಾಕು ತೊಳೆದು ಪಕ್ಕಕ್ಕಿಟ್ಟಾಯ್ತು, ಈಗ ಎಷ್ಟು ಸ್ಪೀಡ್ ಬೇಕೋ ಅಷ್ಟು. 130 ಬೀಟ್ ದಾಟಿದ್ದು, ಡ್ರಮ್ಸ್ ಇರೋದು, ಜೊತೆಗೆ ಗಂಟಲು ಬಿಟ್ಟು ಹಾಡೋಕೆ ಆಗೋದು, ಇಲ್ಲಿವರೆಗೂ ತಡೆದಿಟ್ಟಿದ್ದೆಲ್ಲ ಹಾಕಿ. ಲೋಟದಿಂದ ಶುರು ಮಾಡಿ ಜಿಡ್ಡಿನ ಬಾಣಲೆ ಕೊನೆಗಿಟ್ಕೊಂಡ್ರೆ ನಂಗೆ ಐದು ಹಾಡಿಗೆ ಸಿಂಕ್ ಖಾಲಿ.

ಲಿಸ್ಟ್ ಒಂದೇ ದಿನಕ್ಕೆ ಸರಿ ಹೋಗಲ್ಲ, ನಂದು ಒಂದು ಹಿಡಿತಕ್ಕೆ ಬರೋಕೆ ಮೂರು ನಾಲ್ಕು ವಾರ ಬೇಕಾಯ್ತು. ಹುರಿಯೋವಾಗ ಯಾವ ಹಾಡು ಬಂದಾಗ ವಾಲ್ಯೂಮ್ ಇಳಿಸ್ಬೇಕು ಅನ್ಸ್ತೋ ಅದನ್ನ ಪಾತ್ರೆ ತೊಳೆಯೋ ಲಿಸ್ಟಿಗೆ ದಾಟಿಸಿ, ಮೊಣಕೈಯಲ್ಲಿ ಸ್ಕಿಪ್ ಮಾಡಿದ ಹಾಡನ್ನ ಅವತ್ತೇ ರಾತ್ರಿ ತೆಗೆದುಹಾಕಿ, ನಾಳೆ ಹಿಟ್ಟಿನ ಕೈಯಲ್ಲಿ ಮತ್ತೆ ಅದನ್ನೇ ಸ್ಕಿಪ್ ಮಾಡೋ ಕೆಲಸ ಇರಲ್ಲ.