ಸಂಬಳ 12,000 ಜಾಸ್ತಿ ಆಯ್ತು, ಕೈಯಲ್ಲಿ ಉಳಿಯೋದೆಷ್ಟು?

ಮಂಡ್ಯದಲ್ಲಿ ಸ್ವಂತ ಮನೆ. ಮೈಸೂರಿನಲ್ಲಿ ಕೆಲಸ ಸಿಕ್ಕಿದೆ. ಸಂಬಳ ಈಗಿನದಕ್ಕಿಂತ 12,000 ರೂಪಾಯಿ ಜಾಸ್ತಿ. ಮನೆಮಂದಿಗೆಲ್ಲ ಖುಷಿ. ಮುಂದಿನ ಭಾನುವಾರವೇ ಬಾಡಿಗೆ ಮನೆ ನೋಡಲು ಹೊರಡುತ್ತಾರೆ. ನಾವೂ ಹೀಗೇ ಹೊರಟಿದ್ದೆವು. ಮಂಡ್ಯದಲ್ಲಿದ್ದಾಗ ತಿಂಗಳಿಗೆ ಉಳಿಯುತ್ತಿದ್ದಷ್ಟೂ ಇಲ್ಲಿ ಉಳಿಯುತ್ತಿಲ್ಲ ಎಂದು ಮೂರನೇ ತಿಂಗಳು ಗೊತ್ತಾಯಿತು. ತಪ್ಪು ಮೈಸೂರಿನದಲ್ಲ. ಮನೆ ನೋಡುವ ಮೊದಲು ನಾವು ಲೆಕ್ಕ ನೋಡಿರಲಿಲ್ಲ.

ಒಂದು ಹಾಳೆ, ಎರಡು ಪಟ್ಟಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಒಂದೇ ಸಲ ಆಗುವ ಖರ್ಚು: ಅಡ್ವಾನ್ಸ್, ಗಾಡಿ ಬಾಡಿಗೆ, ಹಮಾಲಿ, ಗ್ಯಾಸ್, ಶಾಲೆಯ ಸೇರ್ಪಡೆ ಶುಲ್ಕ, ಹೊಸ ಕಿಟಕಿಗೆ ಹೊಂದುವ ಪರದೆ. ಬಲಕ್ಕೆ ತಿಂಗಳು ತಿಂಗಳು ಬರುವುದು: ಬಾಡಿಗೆ, ಹಾಲು, ಕರೆಂಟು, ನೀರು, ಪೆಟ್ರೋಲು, ಶಾಲೆ ವ್ಯಾನು. ಇವೆರಡನ್ನೂ ಬೆರೆಸಿಬಿಟ್ಟರೆ ದಾರಿ ತಪ್ಪುತ್ತೆ. ಎಡಗಡೆಯದಕ್ಕೆ ಕೂಡಿಟ್ಟ ದುಡ್ಡು ಬೇಕು. ಬಲಗಡೆಯದು ಸಂಬಳದಲ್ಲೇ ನಡೆಯಬೇಕು.

ಸಂಬಳ ಬರೆಯುವಾಗ ಆಫರ್ ಲೆಟರ್‌ನಲ್ಲಿರುವ ವರ್ಷದ ಮೊತ್ತವನ್ನು ಸುಮ್ನೆ 12ರಿಂದ ಭಾಗಿಸಬೇಡಿ. ಕಂಪನಿಯ ಪಾಲಿನ ಪಿ.ಎಫ್., ಗ್ರಾಚುಯಿಟಿ ಎಲ್ಲ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. 'ಕೈಗೆ ಎಷ್ಟು ಬರುತ್ತೆ ಸರ್?' ಎಂದು ನೇರವಾಗಿ ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನೊಂದು ವಿಷಯ ಮಂಡ್ಯದ ಕಡೆಯವರಿಗೇ. ಊರಿನಲ್ಲಿ ನಿಮಗೆ ಬಿಟ್ಟಿ ಸಿಗುತ್ತಿದ್ದುದು ಏನೇನು, ಬರೆಯಿರಿ. ಗದ್ದೆಯ ಅಕ್ಕಿ, ಹೊಲದ ರಾಗಿ, ಹಿತ್ತಲ ಕರಿಬೇವು, ಮಗುವನ್ನು ನೋಡಿಕೊಳ್ಳುವ ಅಜ್ಜಿ. ತೆಂಗಿನಕಾಯಿಗೂ ದುಡ್ಡು ಕೊಡಬೇಕು ಅನ್ನುವುದು ನನಗೆ ಹೊಳೆದದ್ದು ಮೈಸೂರಿಗೆ ಬಂದ ಮೇಲೆ. ಉದಾಹರಣೆಗೆ ಬಾಡಿಗೆ 10,000, ಇಂಥ ಸಾಮಾನಿಗೆ 3,000 ಅಂದುಕೊಳ್ಳಿ. ಜಾಸ್ತಿಯಾದ 12,000 ಅಲ್ಲಿಗೇ ಮುಗಿದು, ಮೇಲೆ 1,000 ಕೈಯಿಂದ ಹಾಕಬೇಕು.

ಮೊದಲ ಮೂರು ತಿಂಗಳು ಓಡಾಡಿ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ರೈಲಿದೆ, ಬಸ್ಸಿದೆ. ದುಡ್ಡು ಕೊಟ್ಟು ಓಡಾಡುವುದಾದರೆ ರೈಲಿನ ತಿಂಗಳ ಸೀಸನ್ ಟಿಕೆಟ್ ಅಗ್ಗ. ಕೆಲಸಕ್ಕೆ ಸೇರುವವರು ಹೆಣ್ಣುಮಕ್ಕಳಾದರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಹೊಸ ಕೆಲಸ ಕೈಗೆ ಹತ್ತುತ್ತದೋ ಇಲ್ಲವೋ ತಿಳಿಯಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸಾಮಾನು ಎತ್ತಬೇಡಿ.

ಆದರೆ ದಿನಕ್ಕೆ ಮೂರು–ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ, ಅದೂ ಲೆಕ್ಕವೇ. ಶಿಫ್ಟ್ ಕೆಲಸವಿದ್ದರೆ ಇದು ಆಗದ ಮಾತು. ಮಕ್ಕಳ ಶಾಲೆ ವರ್ಷದ ನಡುವಿನಲ್ಲಿದ್ದರೂ ದುಡಿಯುವವರು ಮಾತ್ರ ಮೊದಲು ಬಂದು ರೂಮಿನಲ್ಲಿರುವುದು ವಾಸಿ. ಕಟ್ಟಿದ ಫೀಸು ವಾಪಸ್ ಬರುವುದು ಅಪರೂಪ.

ಬಂದೇ ಬರುವುದಾದರೆ ಕೆಲಸದ ದಿಕ್ಕಿಗೇ ಮನೆ ಹುಡುಕಿ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸವೆಂದರೆ ವಿಜಯನಗರ, ಮೇಟಗಳ್ಳಿ, ಹೂಟಗಳ್ಳಿ ಕಡೆ. ನಂಜನಗೂಡು ರಸ್ತೆಯ ಫ್ಯಾಕ್ಟರಿಗಳಾದರೆ ಶ್ರೀರಾಂಪುರ, ಜೆ.ಪಿ. ನಗರ. ಬಾಡಿಗೆ ಸಾವಿರ ಕಡಿಮೆ ಅಂತ ಊರಿನ ಆ ತುದಿಯಲ್ಲಿ ಮನೆ ಹಿಡಿದರೆ ಆ ಸಾವಿರ ಪೆಟ್ರೋಲಿಗೆ ಹೋಗುತ್ತೆ.

ಬಾಡಿಗೆಯೋ, ಭೋಗ್ಯವೋ?

ಇದನ್ನು ನಿಧಾನವಾಗಿ ಓದಿ, ಏಕೆಂದರೆ ಲಕ್ಷಗಟ್ಟಲೆ ಕಳೆದುಕೊಳ್ಳುವುದು ಇಲ್ಲೇ. ಮೈಸೂರಿನಲ್ಲಿ 'ಮನೆ ಭೋಗ್ಯಕ್ಕಿದೆ' ಎಂಬ ಬೋರ್ಡು ಬೇಕಾದಷ್ಟು ಕಾಣುತ್ತವೆ. ಲೀಸ್ ಅಂತಲೂ ಅನ್ನುತ್ತಾರೆ. ಒಂದು ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಬಿಡುವಾಗ ಪೂರ್ತಿ ದುಡ್ಡು ವಾಪಸ್.

ಭೋಗ್ಯ 8 ಲಕ್ಷ ಅಂದುಕೊಳ್ಳಿ. ಅದೇ ದುಡ್ಡು ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ 56,000, ತಿಂಗಳಿಗೆ ಸುಮಾರು 4,670 ರೂಪಾಯಿ ಬರುತ್ತಿತ್ತು. ಅಂದರೆ ನಿಮ್ಮ ನಿಜವಾದ ಬಾಡಿಗೆ ಅದೇ. ಅಂಥದೇ ಮನೆಗೆ ಬಾಡಿಗೆ 10,000 ಇದ್ದರೆ ಭೋಗ್ಯ ಲಾಭ. ಆದರೆ ದುಡ್ಡು ನಿಮ್ಮದಾಗಿದ್ದರೆ ಮಾತ್ರ. ಶೇ 14ರ ಪರ್ಸನಲ್ ಲೋನ್ ತೆಗೆದು ಕೊಟ್ಟರೆ ಬಡ್ಡಿಯೇ ತಿಂಗಳಿಗೆ 9,330ರ ಆಸುಪಾಸು ಶುರುವಾಗುತ್ತದೆ. ಬಾಡಿಗೆಗೂ ಇದಕ್ಕೂ ಏನು ವ್ಯತ್ಯಾಸ ಉಳಿಯಿತು? ಜೊತೆಗೆ ಅಸಲಿನ ಕಂತು ಬೇರೆ.

ಲಾಭಕ್ಕಿಂತ ದೊಡ್ಡದು ಭಯ. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೇ ಇದ್ದರೆ ಬ್ಯಾಂಕಿನವರು ಮನೆಗೆ ಬರುತ್ತಾರೆ, ನಿಮ್ಮ 8 ಲಕ್ಷ ನಡುನೀರಿನಲ್ಲಿ. ಅದಕ್ಕೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ., ಅಂದರೆ ಮನೆಯ ಮೇಲೆ ನೋಂದಣಿಯಾದ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ ತೆಗೆಸಿ. ಅಷ್ಟೇ ಸಾಲದು. 'ಮೂಲಪತ್ರ ಒಂದ್ಸಲ ತೋರಿಸ್ತೀರಾ ಸರ್?' ಎಂದು ಕೇಳಿ. ಬರೀ ಜೆರಾಕ್ಸ್ ಕೊಟ್ಟರೆ ಮೂಲಪತ್ರ ಎಲ್ಲಿದೆ, ಸಾಲಕ್ಕೆ ಅಡವಿಟ್ಟಿದ್ದಾರೆಯೇ ಎಂದು ವಿಚಾರಿಸಿ. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಇಷ್ಟು ದೊಡ್ಡ ಮೊತ್ತದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೇ ನಿಲ್ಲುವುದು ಇದರಿಂದ ತಪ್ಪಿಸಿಕೊಳ್ಳಲು.

ಬಾಡಿಗೆ ಮನೆಯಾದರೆ ಕರಾರಿನಲ್ಲಿ ಒಂದು ಸಾಲನ್ನು ಹುಡುಕಿ: ಬಿಡುವಾಗ ಬಣ್ಣ ಯಾರ ಖರ್ಚು? ನಮ್ಮ ಮೊದಲ ಮನೆಯ ಮಾಲೀಕರು ಇದೇ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಗೋಡೆಯ ಕಲೆ ನಾವು ಬರುವ ಮುಂಚಿನದು. ಹೇಳಿದರೆ ನಂಬುವವರು ಯಾರು? ಈಗ ಬೀಗ ಕೈಗೆ ಬಂದ ದಿನವೇ ಗೋಡೆ, ನಲ್ಲಿ, ಮೀಟರ್ ರೀಡಿಂಗ್ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡುತ್ತೇನೆ.

ಆಷಾಢದ ಉಪಾಯ

ಆಷಾಢದಲ್ಲಿ ನಮ್ಮ ಕಡೆ ಮನೆ ಬದಲಿಸುವವರು ಕಡಿಮೆ. ಖಾಲಿ ಮನೆಗಳು ಹಾಗೇ ನಿಂತಿರುತ್ತವೆ, ಮಾಲೀಕರ ಮಾತೂ ಸ್ವಲ್ಪ ಮೆತ್ತಗಾಗುತ್ತದೆ. ಚೌಕಾಸಿಗೆ ಅದೇ ಕಾಲ. ಶಾಸ್ತ್ರ ಬಿಡಲಾಗದು ಅನ್ನುವವರಿಗೂ ದಾರಿಯಿದೆ. ಜ್ಯೇಷ್ಠದಲ್ಲೇ ಒಳ್ಳೆಯ ದಿನ ನೋಡಿ ಒಂದು ಒಲೆ, ಒಂದು ಪಾತ್ರೆ ತೆಗೆದುಕೊಂಡು ಹೋಗಿ ಹಾಲು ಉಕ್ಕಿಸಿ ಬನ್ನಿ. ಸಾಮಾನು ಆಮೇಲೆ ಹೋಗಲಿ. ನನ್ನ ಅತ್ತೆಯವರು ಕಲಿಸಿದ್ದಿದು.

ಗಾಡಿಗೆ ಮಾತಾಡುವಾಗ ಮೈಸೂರಿನಿಂದ ಮಂಡ್ಯಕ್ಕೆ ಲೋಡು ತಂದು ಖಾಲಿ ವಾಪಸ್ ಹೋಗುವವರನ್ನು ವಿಚಾರಿಸಿ. ಬಾಡಿಗೆ ಇಳಿಯುತ್ತದೆ. ಹತ್ತಿಸುವುದು, ಇಳಿಸುವುದು, ಮಹಡಿಗೆ ಏರಿಸುವುದು ಎಲ್ಲ ಸೇರಿ ಎಷ್ಟು ಎಂದು ಮೊದಲೇ ಮುಗಿಸಿಕೊಳ್ಳಿ. ಬೀರು ಮೆಟ್ಟಿಲ ಅರ್ಧಕ್ಕೆ ಬಂದ ಮೇಲೆ ಚೌಕಾಸಿ ನಡೆಯುವುದಿಲ್ಲ. ಹಳೆಯ ಮಂಚ, ಕೊಳೆತ ಶೆಲ್ಫು ಹೊತ್ತು ತರಬೇಡಿ.

ಕಂಪನಿ ಸಾಗಣೆ ಖರ್ಚು ಕೊಡುತ್ತದೆಯೇ ಎಂದು ಸೇರುವ ಮುಂಚೆ ಕೇಳಿ. ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಎಂಬ ಷರತ್ತು ಇದೆಯೇ, ಅದನ್ನೂ ನೋಡಿ. ಅದೇ ಕಂಪನಿಯಲ್ಲಿ ವರ್ಗಾವಣೆಯಾಗಿ ಬಂದವರಿಗೆ ಸಾಗಣೆ, ಪ್ಯಾಕಿಂಗ್‌ಗೆ ಕೊಟ್ಟ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲೂ. ಬಿಲ್ ಇರಬೇಕು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಮಾತ್ರ ಹಳೆಯ ತೆರಿಗೆ ಪದ್ಧತಿಯವರಿಗೇ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಕೆಲವರು ಕೊಡಲು ಹಿಂದೇಟು ಹಾಕುತ್ತಾರೆ, ಅಡ್ವಾನ್ಸ್ ಕೊಡುವ ಮೊದಲೇ ಈ ಮಾತು ಆಗಿರಲಿ.

ಬಂದ ವಾರ

ಗ್ಯಾಸ್: ಹಳೆಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಚೀಟಿ ತನ್ನಿ. ಅಲ್ಲಿ ಸಿಗುವುದು ನೀವು ಅಂದು ಕಟ್ಟಿದ ಡಿಪಾಸಿಟ್, ಇಲ್ಲಿ ಕಟ್ಟುವುದು ಇಂದಿನ ದರ. 2022ರ ಜೂನ್‌ನಲ್ಲೇ ಒಂದು ಸಿಲಿಂಡರ್‌ನ ಡಿಪಾಸಿಟ್ 1,450ರಿಂದ 2,200 ರೂಪಾಯಿಗೆ ಏರಿತು. ಎರಡು ಸಿಲಿಂಡರ್ ಇದ್ದವರಿಗೆ ವ್ಯತ್ಯಾಸ ಚುರುಕು ಮುಟ್ಟಿಸುತ್ತದೆ.

ಕರೆಂಟು: ಮಂಡ್ಯದಲ್ಲೂ ಚೆಸ್ಕಾಂ, ಇಲ್ಲೂ ಚೆಸ್ಕಾಂ. ಆದರೆ ಗೃಹಜ್ಯೋತಿ ತಾನಾಗಿ ನಿಮ್ಮ ಹಿಂದೆ ಬರುವುದಿಲ್ಲ. ಸೇವಾ ಸಿಂಧುವಿನಲ್ಲಿ ಹಳೆಯ ಆರ್.ಆರ್. ನಂಬರ್‌ನಿಂದ ಬಿಡಿಸಿ ಹೊಸದಕ್ಕೆ ಸೇರಿಸಬೇಕು. ಕರಾರುಪತ್ರ ಕೈಯಲ್ಲಿರಲಿ. ಹಿಂದಿನವರ ಬಾಕಿ ಇದೆಯೇ ನೋಡಿಕೊಳ್ಳಿ. ಮಾಲೀಕರ ಮೀಟರ್‌ನಿಂದಲೇ ಸಬ್‌ಮೀಟರ್ ಇಟ್ಟಿದ್ದರೆ ಯೂನಿಟ್‌ಗೆ ಎಷ್ಟು ಎಂದು ಕರಾರಿನಲ್ಲಿ ಬರೆಸಿ.

ರೇಷನ್ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಕೊಟ್ಟು ಪಡೆಯಬಹುದು. ಬೈಕಿನ ಕೆಎ 11 ನಂಬರ್ ಬದಲಿಸಬೇಕಿಲ್ಲ.

ತಿಂಗಳ ಸಂತೆ

ದಿನಸಿಗೆ ಸಂತೇಪೇಟೆ, ತರಕಾರಿಗೆ ಎಂ.ಜಿ. ರಸ್ತೆ ಮಾರುಕಟ್ಟೆ. ಬೀದಿ ಕೊನೆಯ ಅಂಗಡಿ ತುರ್ತಿಗೆ ಮಾತ್ರ. ಊರಿಗೆ ಹೋದಾಗ ಅಕ್ಕಿ, ರಾಗಿ, ಕಾಯಿ ತನ್ನಿ. ಆದರೆ ಇದೇ ನೆಪದಲ್ಲಿ ಪ್ರತಿ ಭಾನುವಾರ ನಾಲ್ಕು ಜನ ಕಾರಿನಲ್ಲಿ ಹೋದರೆ ಆ ಕಾಯಿ ಬಲು ದುಬಾರಿ. ನಾವು ತಿಂಗಳಿಗೆ ಒಂದೇ ಸಲ ಎಂದು ಇಳಿಸಿದೆವು. ನಮ್ಮ ಖರ್ಚು ಹಿಡಿತಕ್ಕೆ ಬಂದದ್ದೇ ಅದರಿಂದ.

ದಸರಾ ತಿಂಗಳಿಗೆ ಹಾಳೆಯಲ್ಲಿ ಬೇರೆಯೇ ಒಂದು ಸಾಲು ಬಿಡಿ. ಮೈಸೂರಿನಲ್ಲಿ ಮನೆ ಮಾಡಿದ್ದೀರಿ ಎಂದು ಗೊತ್ತಾದ ನೆಂಟರು ಲೈಟಿಂಗ್ ನೋಡಲು ಬಂದೇ ಬರುತ್ತಾರೆ. ಬೇಡ ಅನ್ನಲಾದೀತೇ? ಹಾಲು ಎರಡರಷ್ಟು, ಸಿಲಿಂಡರ್ ಹದಿನೈದೇ ದಿನಕ್ಕೆ ಖಾಲಿ, ಗೀಸರ್ ಬೆಳಗಿನಿಂದ ಆಫೇ ಆಗುವುದಿಲ್ಲ. ಗೃಹಜ್ಯೋತಿ ಇದ್ದರೂ ಕರೆಂಟು 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಕಳೆದ ವರ್ಷ ನಮ್ಮದು 211 ಬಂದಿತ್ತು.